ಸ್ಥಿರ ಎದೆನೋವು: ಮಾತ್ರೆ ಎಷ್ಟು, ಸ್ಟೆಂಟ್ ಯಾವಾಗ

ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ) ಸಿ.ಡಿ. ಹಿಡಿದು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಎಪ್ಪತ್ತು ಪರ್ಸೆಂಟ್ ಬ್ಲಾಕ್ ಐತಂತ್ರಿ, ಸ್ಟೆಂಟ್ ಹಾಕಸ್ಬೇಕೇನ್ರಿ?" ಬ್ಲಾಕ್ ಎಂದರೆ ಹೃದಯದ ರಕ್ತನಾಳ ಕಟ್ಟಿಕೊಂಡ ಜಾಗ, ಸ್ಟೆಂಟ್ ಎಂದರೆ ಅದನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ. ಪರ್ಸೆಂಟ್ ಒಂದನ್ನೇ ನೋಡಿ ನಾನು ಉತ್ತರ ಹೇಳುವುದಿಲ್ಲ. ನೋವಿನ ಸ್ವಭಾವ, ಬ್ಲಾಕ್ ಇರುವ ಜಾಗ, ಹೃದಯದ ಪಂಪಿಂಗ್, ಈಗ ನುಂಗುತ್ತಿರುವ ಮಾತ್ರೆಗಳ ಡೋಸು, ಇವು ನಾಲ್ಕೂ ಗೊತ್ತಾಗಬೇಕು.

ತಿಂಗಳುಗಟ್ಟಲೆ ಅಷ್ಟೇ ಶ್ರಮಕ್ಕೆ ಅಷ್ಟೇ ನೋವು ಬಂದು, ನಿಂತರೆ ಐದು ನಿಮಿಷದೊಳಗೆ ಹೋಗುವುದಾದರೆ ಅದು ಸ್ಥಿರ. ಹೊಸದಾಗಿ ಶುರುವಾದ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ, ಕೂತಲ್ಲೇ ಬರುವ ನೋವಿಗೆ ಮುಂದೆ ಬರೆದಿರುವ ಯಾವುದೂ ಅನ್ವಯಿಸದು. ಅವರು ನೇರ ತುರ್ತು ವಿಭಾಗಕ್ಕೆ ಹೋಗಬೇಕು. "ನೋವು ಇದೆಯಾ" ಎಂದಷ್ಟೇ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಎಷ್ಟು ಮೆಟ್ಟಿಲಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಹೊಲದಲ್ಲಿ ಎಷ್ಟು ದೂರ ನಡೆದರೆ, ಹೊರೆ ಇದ್ದಾಗಲೋ ಇಲ್ಲದಾಗಲೋ ಎಂದು ಕೇಳಿ ಚೀಟಿಯಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಹೋಲಿಸಲು ಅದೇ ಆಧಾರ. "ಗ್ಯಾಸ್ಟ್ರಿಕ್" ಎಂದವರಲ್ಲೂ ನಡೆದಾಗ ಬಂದು ನಿಂತಾಗ ಹೋಗುವ ಉರಿಯನ್ನು ಹೃದಯದ್ದೆಂದೇ ಹಿಡಿಯುತ್ತೇನೆ.

ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ), ಲಿಪಿಡ್ (ಕೊಲೆಸ್ಟ್ರಾಲ್) ನೋಡಲೇಬೇಕು. ಹಿಮೋಗ್ಲೋಬಿನ್ 8 ಇರುವವರಿಗೆ ಎದೆನೋವಿನ ಮಾತ್ರೆ ಏರಿಸುತ್ತಾ ಹೋದರೆ ಫಲವಿಲ್ಲ. ರಕ್ತ ಸರಿಯಾದರೆ ನೋವು ಅರ್ಧ ಇಳಿದಿರುವುದೂ ಉಂಟು.

ಮಾತ್ರೆಗಳಲ್ಲಿ ಎರಡು ಗುಂಪಿದೆ. ಇದನ್ನು ಮನೆಯವರಿಗೂ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೋವು ಹೋಯಿತೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮೊದಲ ಗುಂಪು ಹೃದಯಾಘಾತ ತಡೆಯಲು. ಆಸ್ಪಿರಿನ್ 75 ಮಿ.ಗ್ರಾಂ ಊಟದ ನಂತರ. ಅಟೊರ್ವಾಸ್ಟ್ಯಾಟಿನ್ 40ರಿಂದ 80, ಇಲ್ಲವೇ ರೊಸುವಾಸ್ಟ್ಯಾಟಿನ್ 20ರಿಂದ 40. ಆರು ವಾರಕ್ಕೆ ಲಿಪಿಡ್ ಮತ್ತೆ ಮಾಡಿಸಿ, ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ 55ಕ್ಕಿಂತ ಕೆಳಗೆ ಬಂದಿಲ್ಲವಾದರೆ ಎಜೆಟಿಮೈಬ್ 10 ಸೇರಿಸುತ್ತೇನೆ. ಸ್ಟ್ಯಾಟಿನ್ ಡೋಸನ್ನು ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಇಳಿಯುವುದು ಸುಮಾರು ಶೇ. 6 ಮಾತ್ರ, ಹಾಗಾಗಿ ಎರಡನೇ ಔಷಧಿಯೇ ಲಾಭ. "ಕೊಲೆಸ್ಟ್ರಾಲ್ ನಾರ್ಮಲ್ ಬಂದೈತಿ" ಎಂದು ಬಿಡುವಂತಿಲ್ಲ. ಮಾತ್ರೆ ಇರುವುದರಿಂದಲೇ ಅದು ನಾರ್ಮಲ್. ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಇಲ್ಲವೇ ಪಂಪಿಂಗ್ ಕಡಿಮೆ ಇದ್ದರೆ ರಾಮಿಪ್ರಿಲ್. ಒಣಕೆಮ್ಮು ಬಂದರೆ ಟೆಲ್ಮಿಸಾರ್ಟನ್. ಶುರು ಮಾಡಿದ ಎರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಬೀಡಿ, ಗುಟ್ಕಾ ಬಿಡದವರ ಹತ್ತಿರ ಬೆಣ್ಣೆ ದೋಸೆ ವಿಷಯಕ್ಕೆ ಸಮಯ ಕಳೆಯುವುದಿಲ್ಲ; ಆ ಸಮಯವೆಲ್ಲ ತಂಬಾಕಿಗೆ.

ಎರಡನೇ ಗುಂಪು ನೋವಿಗೆ. ಹೆಚ್ಚಿನ ಎಡವಟ್ಟು ಇಲ್ಲೇ. ನಾಡಿ ನಿಧಾನಿಸುವ ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ಸಕ್ಸಿನೇಟ್ 25ರಲ್ಲಿ ಶುರುಮಾಡಿ, ಅಲ್ಲೇ ಬಿಟ್ಟು, "ಮಾತ್ರೆ ಕೆಲಸ ಮಾಡಲಿಲ್ಲ" ಎಂದು ಸ್ಟೆಂಟಿಗೆ ಕಳಿಸುತ್ತಾರೆ. ಎರಡು ವಾರಕ್ಕೊಮ್ಮೆ 50, 100 ಎಂದು ಏರಿಸಿ, ಕೂತಾಗಿನ ನಾಡಿ 55ರಿಂದ 60ಕ್ಕೆ ಬರಬೇಕು. ಆಸ್ತಮಾ ಇದೆಯೇ ಎಂದು ಮೊದಲೇ ಕೇಳಬೇಕು. ದಿಢೀರನೆ ನಿಲ್ಲಿಸಬಾರದೆಂದು ಹೇಳಬೇಕು. ಸಾಲದಿದ್ದರೆ ಅಮ್ಲೋಡಿಪಿನ್ 5, ಆಮೇಲೆ 10. ಇದರಿಂದ ಕಾಲು ಊದಿದರೆ ನೀರಿಳಿಸುವ ಮಾತ್ರೆ ಕೊಡುವುದು ಸರಿಯಲ್ಲ, ಡೋಸು ಇಳಿಸಬೇಕು. ಬೀಟಾ ಬ್ಲಾಕರ್ ಜೊತೆ ಎದೆನೋವಿಗೇ ಕೊಡುವ ಡಿಲ್ಟಿಯಾಜೆಮ್ ಅಥವಾ ವೆರಪಾಮಿಲ್ ಕೂಡಿಸಿದರೆ ನಾಡಿ ಅಪಾಯಕಾರಿಯಾಗಿ ಕುಸಿಯಬಹುದು. ಪಂಪಿಂಗ್ ಕಡಿಮೆ ಇದ್ದವರಿಗೆ ಡಿಲ್ಟಿಯಾಜೆಮ್, ವೆರಪಾಮಿಲ್ ಎರಡೂ ಬೇಡ.

ರಕ್ತನಾಳ ಸಡಿಲಿಸುವ ನೈಟ್ರೇಟ್ ಮಾತ್ರೆಗಳ ವಿಷಯದಲ್ಲಿ ಗಡಿಯಾರ ಮುಖ್ಯ. ಸಾದಾ ಐಸೊಸಾರ್ಬೈಡ್ ಮೊನೊನೈಟ್ರೇಟ್ 20ನ್ನು ಬೆಳಗ್ಗೆ 8, ರಾತ್ರಿ 8 ಎಂದು ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗಿ ಮಾತ್ರೆ ನಾಟುವುದೇ ಇಲ್ಲ. ಬೆಳಗ್ಗೆ 8, ಮಧ್ಯಾಹ್ನ 3 ಎಂದರೆ ರಾತ್ರಿಯಿಡೀ ಬಿಡುವು ಸಿಗುತ್ತದೆ. ಚೀಟಿಯಲ್ಲಿ "1-0-1" ಬರೆಯದೆ ಗಂಟೆಯನ್ನೇ ಬರೆಯುತ್ತೇನೆ. ಮೊದಲ ವಾರದ ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಪಿ ಕಡಿಮೆ ಇರುವವರಿಗೆ ರಾನೊಲಜಿನ್ 500 ಎರಡು ಹೊತ್ತು ಉಪಯೋಗ. ಎದೆನೋವಿನ ಇನ್ನೊಂದು ಮಾತ್ರೆ ನಿಕೊರಾಂಡಿಲ್‌ನಿಂದ ಬಾಯಿಹುಣ್ಣು ಆಗಬಹುದು. ಕಾರಣ ತಿಳಿಯದೆ ಅದಕ್ಕೆ ವಿಟಮಿನ್ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ನಾಲಿಗೆ ಕೆಳಗಿನ ಐಸೊಸಾರ್ಬೈಡ್ ಡೈನೈಟ್ರೇಟ್ 5 ಜೇಬಿನಲ್ಲೇ ಇರಲಿ. ಕೂತು ಇಟ್ಟುಕೊಳ್ಳಬೇಕು, ನಿಂತರೆ ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್. ಲೈಂಗಿಕ ದೌರ್ಬಲ್ಯಕ್ಕೆ ನುಂಗುವ ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಯಾವ ನೈಟ್ರೇಟೂ ಕೂಡದು. ಇದನ್ನು ಮನೆಯವರನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಚಳ್ಳಕೆರೆ, ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ದುಡಿಯುವವರಿಗೆ ನಿಂತಾಗಿನ ಬಿಪಿಯನ್ನೂ ನೋಡಿಯೇ ಡೋಸು ನಿರ್ಧಾರ.

ಇಷ್ಟಾದ ಮೇಲೆ ಸ್ಟೆಂಟ್. 2007ರ ಕರೇಜ್, 2020ರಲ್ಲಿ ಪ್ರಕಟವಾದ 5179 ಜನರ ಇಸ್ಕೀಮಿಯಾ ಅಧ್ಯಯನ, ಎರಡರಲ್ಲೂ ಸ್ಥಿರ ರೋಗಿಗಳಲ್ಲಿ ಒಳ್ಳೆಯ ಔಷಧಿಯ ಜೊತೆಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ (ಕಟ್ಟಿದ ನಾಳಕ್ಕೆ ಬದಲಿ ದಾರಿ ಜೋಡಿಸುವ) ಆಪರೇಷನ್ ಕಡೆ ಹೋದದ್ದರಿಂದ ಸಾವು ಕಡಿಮೆಯಾಗಲಿಲ್ಲ. ನೋವು ಕಡಿಮೆಯಾಗುವುದು ಮಾತ್ರ ನಿಜ. ನೋವಿನ ಮಾತ್ರೆ ನಿಲ್ಲಿಸಿ, ಸ್ಟೆಂಟ್ ಹಾಕದೆಯೇ ಹಾಕಿದಂತೆ ಮಾಡುವ ಸುಳ್ಳು ಚಿಕಿತ್ಸೆಯೊಡನೆ ಹೋಲಿಸಿದ 2023ರ ಆರ್ಬಿಟಾ-2 ಅಧ್ಯಯನ ಅದನ್ನು ತೋರಿಸಿತು. ಆದ್ದರಿಂದ ನೋವಿನ ಎರಡು ಔಷಧಿ ಪೂರ್ತಿ ಡೋಸಿನಲ್ಲಿದ್ದೂ ದಿನದ ಕೆಲಸಕ್ಕೆ ನೋವು ಅಡ್ಡ ಬಂದರೆ ಸ್ಟೆಂಟ್ ಸರಿಯಾದ ಚಿಕಿತ್ಸೆ. ಮಾತ್ರೆಯ ಅಡ್ಡಪರಿಣಾಮ ತಡೆಯಲಾರದವರಿಗೂ ಅಷ್ಟೇ. ಮಧ್ಯಮ ಬ್ಲಾಕಿನಲ್ಲಿ ರಕ್ತನಾಳದೊಳಗೆ ಒತ್ತಡದ ತಂತಿ ಹಾಕಿ ಅಳೆದು, ಬ್ಲಾಕ್ ದಾಟಿದ ಮೇಲೆ ಉಳಿಯುವ ಒತ್ತಡದ ಪಾಲಾದ ಎಫ್‌ಎಫ್‌ಆರ್ 0.80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದುವರಿಯಬೇಕು.

ಎಡ ಮುಖ್ಯ ರಕ್ತನಾಳದಲ್ಲಿ ಶೇ. 50ಕ್ಕಿಂತ ಹೆಚ್ಚು ಬ್ಲಾಕ್ ಇದ್ದರೆ, ಅಥವಾ ಹಲವು ನಾಳಗಳ ಬ್ಲಾಕಿನ ಜೊತೆ ಇಎಫ್ (ಪಂಪಿಂಗ್ ಪ್ರಮಾಣ) ಶೇ. 35ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಒಂದನ್ನೇ ನಂಬಿ ಕೂರಬಾರದು. ಸಕ್ಕರೆ ಕಾಯಿಲೆಯೊಂದಿಗೆ ಮೂರು ನಾಳ ಕಟ್ಟಿದ್ದರೆ ಬೈಪಾಸ್ ಮೇಲು. 2012ರ ಫ್ರೀಡಂ ಅಧ್ಯಯನದಲ್ಲಿ ಬದುಕುಳಿದವರು ಬೈಪಾಸ್ ಕಡೆಯೇ ಹೆಚ್ಚು. ಆಪರೇಷನ್ ಎಂದರೆ ಭಯಪಟ್ಟು ಮೂರು ನಾಲ್ಕು ಸ್ಟೆಂಟ್ ಕೇಳುವವರಿಗೆ ಇದನ್ನು ತಾಳ್ಮೆಯಿಂದ ಹೇಳಲೇಬೇಕು.

ಸ್ಟೆಂಟಿಗೆ ಮುಂಚೆ ನಾನು ತಪ್ಪದೆ ಕೇಳುವುದು: ಆರು ತಿಂಗಳಲ್ಲಿ ಹರ್ನಿಯಾ, ಗರ್ಭಕೋಶ, ಇನ್ಯಾವುದಾದರೂ ಆಪರೇಷನ್ ಇದೆಯೇ? ಮಲದಲ್ಲಿ ರಕ್ತ ಹೋಗಿದೆಯೇ? ಏಕೆಂದರೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ 75 ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕು. ಮೊದಲ ತಿಂಗಳಲ್ಲಿ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು. ಹಲ್ಲು ಕೀಳಿಸಲು ನಮ್ಮನ್ನು ಕೇಳದೆ ನಿಲ್ಲಿಸಬಾರದು. ಹೊಟ್ಟೆಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ, ಅವು ಕ್ಲೊಪಿಡೊಗ್ರೆಲ್‌ನ ಕೆಲಸ ಕುಗ್ಗಿಸುತ್ತವೆ, ಪ್ಯಾಂಟೊಪ್ರಜೋಲ್ ಇರಲಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಡಬೇಕು. ಪ್ರತಿ ಭೇಟಿಗೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ ತರಲು ಹೇಳುತ್ತೇನೆ. ಒಂದೇ ಔಷಧಿ ಎರಡು ಕಂಪನಿ ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿರುವುದು ಆಗಲೇ ಸಿಗುವುದು.

ಸ್ಟೆಂಟ್ ಆಗಿ ನೋವು ಹೋದ ಮೇಲೆ ನೈಟ್ರೇಟ್ ಮೊದಲು ತೆಗೆಯುತ್ತೇನೆ, ಆಮೇಲೆ ರಾನೊಲಜಿನ್. ಬೀಟಾ ಬ್ಲಾಕರ್ ನಿಲ್ಲಿಸಬಹುದಾದವರಿಗೂ ನಿಧಾನವಾಗಿಯೇ ಇಳಿಸುತ್ತೇನೆ. ಸ್ಟ್ಯಾಟಿನ್, ಆಸ್ಪಿರಿನ್ ಮುಟ್ಟುವುದಿಲ್ಲ. ಕ್ಲೊಪಿಡೊಗ್ರೆಲ್ ಮುಗಿಯುವ ತಾರೀಕನ್ನು ಚೀಟಿಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ.