ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವ

2022ರ ಸೆಪ್ಟೆಂಬರ್ ಮೊದಲ ವಾರ ಕೆಲಸಕ್ಕೆಂದು ಬೆಂಗಳೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಾಗ, ಕಂಪನಿಯವರು ಕೊಟ್ಟಿದ್ದ ನಾಲ್ಕು ವಾರದ ಹೋಟೆಲ್ ವಾಸ ಮುಗಿಯುವುದರೊಳಗೆ ಮನೆ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ. ಬಾಡಿಗೆ ಕರಾರಿಗೆ ಸಹಿ ಬಿದ್ದದ್ದು ಡಿಸೆಂಬರಿನಲ್ಲಿ.

ತಡವಾದದ್ದಕ್ಕೆ ಮನೆಗಳ ಕೊರತೆಯಷ್ಟೇ ಕಾರಣವಲ್ಲ. ಇಲ್ಲಿನ ಮಾಲೀಕರು ಸಾಮಾನ್ಯವಾಗಿ ಹಿಂದಿನ ಮೂರು ತಿಂಗಳ ಸಂಬಳದ ಚೀಟಿಯನ್ನೂ ‘ಶೂಫಾ’ ಎಂಬ ಸಾಲ ಮರುಪಾವತಿಯ ವರದಿಯನ್ನೂ ಕೇಳುತ್ತಾರೆ. ನಿನ್ನೆ ಮೊನ್ನೆ ಬಂದವನ ಬಳಿ ಎರಡೂ ಇರುವುದಿಲ್ಲ. ಮನೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು, ಮತ್ತು ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಆ ನೋಂದಣಿಯ ನಂತರವೇ. ಹೀಗೆ ಮನೆಗೆ ಕಾಗದ ಬೇಕು, ಕಾಗದಕ್ಕೆ ಮನೆ ಬೇಕು ಎಂಬ ಸುತ್ತಿನಲ್ಲಿ ನಾನು ಒಂದು ತಿಂಗಳು ಕಳೆದೆ. ಆ ಅವಸರದಲ್ಲೇ, ತಾನು ಬೇರೆ ದೇಶದಲ್ಲಿರುವುದಾಗಿಯೂ ಮುಂಗಡ ಕಳಿಸಿದರೆ ಬೀಗದ ಕೈಯನ್ನು ಕೊರಿಯರ್ ಮಾಡುವುದಾಗಿಯೂ ಬರೆದಿದ್ದ ಒಬ್ಬನಿಗೆ ಹಣ ಕಳಿಸುವ ಹಂತಕ್ಕೆ ಹೋಗಿದ್ದೆ, ಸಹೋದ್ಯೋಗಿಯೊಬ್ಬರು ತಡೆದರು. ಮನೆಯೊಳಗೆ ಕಾಲಿಟ್ಟು ನೋಡದೆ, ಕರಾರು ಆಗದೆ ಒಂದು ಯೂರೋ ಕೂಡ ಕೊಡಬಾರದು ಎಂಬುದನ್ನು ಈಗ ಹೊಸದಾಗಿ ಬರುವ ಎಲ್ಲರಿಗೂ ಹೇಳುತ್ತೇನೆ.

ಸುತ್ತು ಬಿಡಿಸಿದ್ದು ‘ಟ್ಸ್ವಿಷೆನ್‌ಮೀಟೆ’, ಅಂದರೆ ಮಧ್ಯಂತರ ಬಾಡಿಗೆ. ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಮೂರು ತಿಂಗಳು ಹೊರಗೆ ಹೋಗುವವರಿದ್ದು, ಫೈಹಿಂಗೆನ್ ಬಡಾವಣೆಯಲ್ಲಿದ್ದ ತಮ್ಮ ಕೋಣೆಯನ್ನು ಸಾಮಾನುಸಹಿತ ಮಾಲೀಕರ ಒಪ್ಪಿಗೆ ಪಡೆದು ನನಗೆ ಬಿಟ್ಟುಕೊಟ್ಟರು. ನಾನು ಬಾಡಿಗೆಗಿಂತ ಮೊದಲು ಕೇಳಿದ್ದು ದೃಢೀಕರಣ ಪತ್ರ ಕೊಡುತ್ತೀರಾ ಎಂದು. ಆ ಒಂದು ಹಾಳೆಯಿಂದ ನೋಂದಣಿಯಾಯಿತು. ನವೆಂಬರ್ ಮುಗಿಯುವ ಹೊತ್ತಿಗೆ ಮೂರು ಸಂಬಳದ ಚೀಟಿಗಳೂ ಶೂಫಾ ವರದಿಯೂ ಕೈಯಲ್ಲಿದ್ದವು. ಹೊಸ ದೇಶದಲ್ಲಿ ಮೊದಲ ದಿನದಿಂದಲೇ ಕಾಯಂ ಮನೆಗೆ ಹಟ ಹಿಡಿಯುವುದಕ್ಕಿಂತ, ನೋಂದಣಿಗೆ ಅವಕಾಶವಿರುವ ತಾತ್ಕಾಲಿಕ ಜಾಗವನ್ನು ಮೊದಲು ಹಿಡಿಯುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಜಿಯ ಪತ್ರವನ್ನೂ ಬದಲಿಸಿದೆ. ಇಂಗ್ಲಿಷಿನಲ್ಲಿ ಬರೆದ ನಲವತ್ತರಷ್ಟು ಸಂದೇಶಗಳಿಗೆ ಉತ್ತರವೇ ಬಂದಿರಲಿಲ್ಲ. ನಾವು ಯಾರು, ಎಷ್ಟು ಜನ, ಏನು ಕೆಲಸ, ಎಷ್ಟು ವರ್ಷ ಇರುವ ಯೋಚನೆ ಎಂಬುದನ್ನೆಲ್ಲ ಜರ್ಮನ್ ಭಾಷೆಯಲ್ಲಿ ಒಂದೇ ಪುಟಕ್ಕೆ ಇಳಿಸಿ, ಸಹೋದ್ಯೋಗಿಯಿಂದ ತಿದ್ದಿಸಿ, ಕಾಗದಗಳೊಂದಿಗೆ ಒಂದೇ ಕಡತವಾಗಿ ಕಳಿಸಿದ ಮೇಲೆ ಕರೆಗಳು ಬರತೊಡಗಿದವು.

ಸ್ಟುಟ್‌ಗಾರ್ಟ್‌ ಪಕ್ಕದ ಊರಾದ ಎಸ್ಲಿಂಗೆನ್‌ನಲ್ಲಿ ನೋಡಿದ ಮನೆಯ ಮಾಲಕಿ ಕೆಳಗಿನ ಮಹಡಿಯಲ್ಲೇ ಇರುವ ಹಿರಿಯರು. ಜಾಹೀರಾತಿನಲ್ಲಿದ್ದ 980 ಯೂರೋ ‘ತಣ್ಣನೆಯ ಬಾಡಿಗೆ’ ಮಾತ್ರ. ಮನೆ ಬೆಚ್ಚಗಿಡುವುದು, ನೀರು, ಕಸ ಎಲ್ಲ ಸೇರಿದ ‘ಬೆಚ್ಚನೆಯ ಬಾಡಿಗೆ’ 1,200. ವಿದ್ಯುತ್ತು, ಇಂಟರ್ನೆಟ್ ಬೇರೆ. ಮುಂಗಡ ತಣ್ಣನೆಯ ಬಾಡಿಗೆಯ ಮೂರು ಪಟ್ಟನ್ನು ಮೀರುವಂತಿಲ್ಲ, ಅದನ್ನೂ ಮೂರು ಮಾಸಿಕ ಕಂತುಗಳಲ್ಲಿ ಕಟ್ಟಬಹುದು ಎಂದು ಕಾನೂನೇ ಹೇಳುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವನಿಗೆ ಇದು ದೊಡ್ಡ ಸಮಾಧಾನ. ಆದರೆ ಅಡುಗೆಮನೆಯಲ್ಲಿ ಸಿಂಕ್, ಒಲೆ, ಕಪಾಟು ಯಾವುದೂ ಮನೆಗೆ ಸೇರಿದ್ದಲ್ಲ, ಹಿಂದಿನ ಬಾಡಿಗೆದಾರರು ಕಳಚಿಕೊಂಡು ಹೋಗುವವರಿದ್ದರು ಎಂದು ತಿಳಿದು ನಿಜವಾಗಿ ಗಾಬರಿಯಾಯಿತು. 900 ಯೂರೋ ಕೊಟ್ಟು ಅವರಿಂದಲೇ ಕೊಂಡೆ.

ಮಾಲಕಿ ಸಂಬಳದ ಚೀಟಿಗಳನ್ನು ಒಮ್ಮೆ ನೋಡಿ ಬದಿಗಿಟ್ಟು, ‘ಕೆರ್‌ವೋಖೆ’ ಮಾಡುತ್ತೀರಾ ಎಂದು ಕೇಳಿದರು. ಈ ಸೀಮೆಯ ಪದ್ಧತಿಯದು: ಮೆಟ್ಟಿಲು, ಬಾಗಿಲ ಮುಂದಿನ ದಾರಿಯನ್ನು ಗುಡಿಸಿ ಒರೆಸುವ ವಾರದ ಸರದಿ. ನಮ್ಮಲ್ಲಿ ದಿನ ಶುರುವಾಗುವುದೇ ಮನೆಯ ಮುಂದೆ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಇಡುವುದರಿಂದ ಎಂದು ನನಗೆ ಬರುವಷ್ಟು ಜರ್ಮನ್‌ನಲ್ಲಿ ವಿವರಿಸಿದೆ. ಎರಡು ದಿನದಲ್ಲಿ ಒಪ್ಪಿಗೆಯ ಕರೆ ಬಂತು.

ಬೀಗದ ಕೈ ಪಡೆಯುವ ದಿನ ಹಸ್ತಾಂತರ ಪತ್ರದಲ್ಲಿ ಮೀಟರ್ ಅಂಕಿ, ನೆಲದ ಗೀರು, ಸ್ನಾನದ ಮನೆಯ ಒಡೆದ ಟೈಲ್ ಎಲ್ಲವನ್ನೂ ಬರೆಸಿ, ಫೋಟೋ ತೆಗೆದು, ಇಬ್ಬರೂ ಸಹಿ ಮಾಡಿದೆವು. ನಾನು ಮರೆತದ್ದು ಅಂಚೆ ಪೆಟ್ಟಿಗೆಯನ್ನು. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟಿನ ಸಂಖ್ಯೆ ಬರೆಯುವ ರೂಢಿ ಕಡಿಮೆ, ಪತ್ರ ಬರುವುದು ಪೆಟ್ಟಿಗೆಯ ಮೇಲಿನ ಹೆಸರು ನೋಡಿ. ನಮ್ಮ ಅನೇಕ ಮನೆಗಳಂತೆ ನನ್ನ ಪತ್ನಿಯ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಅವಳ ತಂದೆಯದು. ಜನವರಿಯಲ್ಲಿ ಅವಳು ಬಂದ ಮೇಲೆ ಅವಳ ಆರೋಗ್ಯ ವಿಮೆಯ ಕಾರ್ಡು ಆ ಹೆಸರಿನವರು ಇಲ್ಲಿಲ್ಲವೆಂದು ವಾಪಸಾಯಿತು. ಅಂದೇ ಸಂಜೆ ಪೆಟ್ಟಿಗೆಗೂ ಕರೆಗಂಟೆಗೂ ಎರಡು ಹೆಸರುಗಳ ಹೊಸ ಚೀಟಿ ಅಂಟಿಸಿದೆ.