ಮಡ್ಡಿಯ ಪಾತರಗಿತ್ತಿ ಎಲ್ಲಿಗೆ ಹೋಯಿತು? ಲೆಕ್ಕ ಇಡುವುದು ಹೀಗೆ

ಎರಡು ಒಳ್ಳೆಯ ಮಳೆಯಾದರೆ ಸಾಕು, ವಿಜಯಪುರದ ಸುತ್ತಲಿನ ಮಡ್ಡಿ, ಅಂದರೆ ಹುಲ್ಲು ಬೆಳೆಯುವ ಕಲ್ಲುನೆಲ, ಹಸಿರಾಗುತ್ತದೆ. ಹಿಂದೆಯೇ ಹಳದಿ ಪಾತರಗಿತ್ತಿಗಳೂ ಬರುತ್ತವೆ. ಜನವರಿಯಲ್ಲಿ ಅದೇ ಮಡ್ಡಿಗೆ ಹೋದರೆ ಒಣಹುಲ್ಲು, ಕುರಿ ಹಿಕ್ಕೆ ಅಷ್ಟೇ. ಅವು ಸತ್ತವೋ, ಪಕ್ಕದ ತೊಗರಿ ಹೊಲಕ್ಕೆ ಹೋದವೋ, ಇಲ್ಲೇ ಹುಲ್ಲಿನ ಬುಡದಲ್ಲಿ ಕೂತಿವೆಯೋ? ತಿಳಿಯಲು ನೋಟ್‌ಬುಕ್, ಪೆನ್ಸಿಲ್, ಮೊಬೈಲ್ ಸಾಕು. ವಾರಕ್ಕೊಮ್ಮೆ ತಪ್ಪದೆ ಹೋಗುವ ಹಟವೂ ಬೇಕು.

ಮೊದಲು ದಾರಿ ಗೊತ್ತು ಮಾಡಿಕೊಳ್ಳಿ. ಒಂದು ಕಿಲೋಮೀಟರ್ ಆದರೆ ಸಾಕು. ಅದು ಮಡ್ಡಿಯ ಹುಲ್ಲು, ಹೊಲದ ಬದು, ತೊಗರಿ ಬೆಳೆದ ಎರೆ ಹೊಲ, ಹಳ್ಳದ ದಂಡೆ ಎಲ್ಲವನ್ನೂ ಮುಟ್ಟಿಕೊಂಡು ಹೋಗಲಿ. ಒಂದೊಂದು ನೆಲಕ್ಕೂ ಸುಮಾರು 200 ಮೀಟರ್ ತುಂಡು ಮಾಡಿ, ಅಂಕಿ ಕೊಡಿ. ಹೊಲದವರನ್ನು ಕೇಳಿಯೇ ಕಾಲಿಡಿ. ಬಾಗಲಕೋಟೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದಂಥ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ನಡೆಯುವುದಕ್ಕೂ ಒಂದು ಕ್ರಮವಿದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಪರಿಸರ ವಿಜ್ಞಾನಿ ಅರ್ನಿ ಪೊಲಾರ್ಡ್ ರೂಪಿಸಿದ್ದು. ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಅಷ್ಟೇ, ಮುಂದಕ್ಕೆ 5 ಮೀಟರ್. ಅದರೊಳಗೆ ಕಂಡದ್ದು ಮಾತ್ರ ಲೆಕ್ಕಕ್ಕೆ. ಒಂದೇ ವೇಗದಲ್ಲಿ ನಡೆಯಬೇಕು. ಚಂದದ ಚಿಟ್ಟೆ ಕಂಡಿತೆಂದು ಹಿಂದೆ ಓಡುವಂತಿಲ್ಲ (ನನಗೆ ಇದೇ ಎಲ್ಲಕ್ಕಿಂತ ಕಷ್ಟ). ಇಂಗ್ಲೆಂಡಿನಲ್ಲಿ ಹೊತ್ತೇರಿದ ಮೇಲೆ, ನಡುಮಧ್ಯಾಹ್ನದ ಆಚೀಚೆ ಎಣಿಸುತ್ತಾರೆ. ಅದು ನಮ್ಮ ಏಪ್ರಿಲ್ ಬಿಸಿಲಿಗೆ ಆಗಿಬರುವ ಮಾತಲ್ಲ. ಬೇಸಿಗೆಯಲ್ಲಿ 8 ಗಂಟೆಗೆ, ಚಳಿಗಾಲದಲ್ಲಿ 10 ಗಂಟೆಗೆ ಹೊರಡಿ.

ಇನ್ನು ಹವೆ. ಹೆಚ್ಚಿನವರು ಎಡವುವುದು ಇಲ್ಲೇ. ಚಿಟ್ಟೆ ಬೆಳಿಗ್ಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಂಡ ಮೇಲೆಯೇ ಸರಿಯಾಗಿ ಹಾರುವುದು. ಮೋಡ ಕವಿದರೆ ಕೂತುಬಿಡುತ್ತದೆ. ಜೂನ್, ಜುಲೈನ ಗಾಳಿಗೆ ಬದುವಿನ ಮರೆಗೆ ಸರಿಯುತ್ತದೆ. ಹಾಗಾಗಿ ಕಾಣಲಿಲ್ಲ ಎಂದರೆ ಇಲ್ಲ ಅಂತಲ್ಲ. ಹಾರದೆ ಕೂತಿರಲೂಬಹುದು, ಅಲ್ವಾ? ಅದಕ್ಕೆ ಪ್ರತಿ ತುಂಡಿನಲ್ಲೂ ಬಿಸಿಲೋ ಮೋಡವೋ ಬರೆಯಿರಿ. ಗಾಳಿಗೆ ಎಲೆ ಮಾತ್ರ ಅಲ್ಲಾಡುತ್ತಿದೆಯೋ, ಕೊಂಬೆಯೇ ತೂಗುತ್ತಿದೆಯೋ ನೋಡಿ. ನೆರಳಿನಲ್ಲಿ ಎಷ್ಟು ಡಿಗ್ರಿ, ಮಳೆ ಬಿದ್ದು ಎಷ್ಟು ದಿನ ಎಂಬುದೂ ಇರಲಿ. ಒಂದೂ ಕಾಣದಿದ್ದರೆ ಸೊನ್ನೆ ಹಾಕಿ. ಖಾಲಿ ಬಿಟ್ಟರೆ ಆಮೇಲೆ ನಿಮಗೇ ನೆನಪಿರಲ್ಲ, ಅವತ್ತು ಹೋಗಿದ್ದಿರೋ ಇಲ್ಲವೋ ಅಂತ.

ಎಲ್ಲ ಜಾತಿ ಕಲಿಯುವ ಅವಸರ ಬೇಡ. ನಾಲ್ಕೈದು ಸಾಕು. ಎಕ್ಕೆ ಗಿಡದ ಸುತ್ತ ಸುಳಿಯುವ ಕಿತ್ತಳೆ ಬಣ್ಣದ್ದು ಪ್ಲೇನ್ ಟೈಗರ್. ಅದು ಹೆಚ್ಚಾಗಿ ಮೊಟ್ಟೆ ಇಡುವುದು ಎಕ್ಕೆಯ ಮೇಲೆ. ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ಅದರದೇ ವೇಷ ಹಾಕಿಕೊಂಡು ಬರುತ್ತದೆ, ಮೋಸ ಹೋಗಬೇಡಿ. ಬರಿ ನೆಲದಲ್ಲಿ ರೆಕ್ಕೆ ಚಾಚಿ ಕೂರುವುದು ಯೆಲ್ಲೋ ಪ್ಯಾನ್ಸಿ. ತೊಗರಿ ಹೂವಿಗೆ ಬರುವ ನೀಲಿ ಚಿಟ್ಟೆ, ಹಿಂದೆ ಸಣ್ಣ ಬಾಲವಿದ್ದರೆ, ಪೀ ಬ್ಲೂ ಇರಬಹುದು. ಗ್ರಾಸ್ ಜುವೆಲ್ ಮಾತ್ರ ಬಗ್ಗಿ ನೋಡಿದರೇ ಕಾಣುವುದು. ದೇಶದ ಅತಿ ಸಣ್ಣ ಚಿಟ್ಟೆಗಳಲ್ಲಿ ಅದೂ ಒಂದು. ಸಂಖ್ಯೆಯ ಪಕ್ಕದಲ್ಲಿ ಏನು ಮಾಡುತ್ತಿತ್ತು ಎಂದೂ ಬರೆಯಿರಿ. ಮೊಟ್ಟೆ ಇಡುತ್ತಿತ್ತೇ, ಮಕರಂದ ಹೀರುತ್ತಿತ್ತೇ, ಸುಮ್ನೆ ದಾಟಿ ಹೋಯಿತೇ?

ಸಂಶೋಧಕರು ಚಿಟ್ಟೆ ಹಿಡಿದು ರೆಕ್ಕೆಗೆ ಮಾರ್ಕರ್‌ನಿಂದ ಗುರುತು ಹಾಕಿ ಬಿಡುವುದುಂಟು. ಇವತ್ತು 20ಕ್ಕೆ ಗುರುತು ಹಾಕಿ, ನಾಳೆ 15 ಹಿಡಿದಾಗ 5ರಲ್ಲಿ ಗುರುತಿದ್ದರೆ, ಇಪ್ಪತ್ತನ್ನು ಹದಿನೈದರಿಂದ ಗುಣಿಸಿ ಐದರಿಂದ ಭಾಗಿಸುತ್ತಾರೆ. ಅಲ್ಲಿಗೆ ಆ ಜಾಗದಲ್ಲಿ ಒಟ್ಟು ಸುಮಾರು 60 ಚಿಟ್ಟೆ ಇವೆ ಎಂದು ಅಂದಾಜು. ನೀವು ಇದಕ್ಕೆ ಕೈ ಹಾಕಬೇಡಿ. ರೆಕ್ಕೆ ಹಾಳಾಗುತ್ತದೆ, ಕೆಲವು ಜಾತಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಫೋಟೊ ತೆಗೆಯಿರಿ. ಹಕ್ಕಿ ಕುಕ್ಕಿ ಹರಿದ ರೆಕ್ಕೆಯೇ ಗುರುತಾಗುತ್ತದೆ. ಮಡ್ಡಿಯಲ್ಲಿ ಕಂಡ ಹರಕು ರೆಕ್ಕೆ ಮರುದಿನ ಬದುವಿನಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಮೂರು ತಿಂಗಳಾದ ಮೇಲೆ ಒಂದೇ ತರಹದ ಹವೆ ಇದ್ದ ದಿನಗಳನ್ನಷ್ಟೇ ಹೋಲಿಸಿ. ಒಂದು ಜಾತಿಯ ಸಂಖ್ಯೆ ಮಡ್ಡಿಯಲ್ಲಿ ಇಳಿದು ಅದೇ ವಾರ ತೊಗರಿಯಲ್ಲಿ ಏರಿದ್ದರೆ, ಅವು ಹೊಲಕ್ಕೆ ಹೋದವು ಎಂಬುದಕ್ಕೆ ಅದೊಂದು ಸುಳಿವು. ಆದರೆ ಪೀ ಬ್ಲೂ ತೊಗರಿಯಲ್ಲೇ ಹುಟ್ಟಿದ್ದೂ ಇರಬಹುದು. ಅದರ ಹುಳು ಹೂವು, ಕಾಯಿ ತಿಂದೇ ಬೆಳೆಯುವುದು. ಹೊಲದಲ್ಲಿ ಒಮ್ಮೆಲೇ ಸೊನ್ನೆಯಾದರೆ ಹವೆಯ ಕಾಲಂ ನೋಡಿ. ಅಲ್ಲೂ ಕಾರಣ ಸಿಗದಿದ್ದರೆ ಬದುವಿನ ಮೇಲೆ ಕೂತವರನ್ನು ಕೇಳಿ: "ಕಾಕಾ, ಎಣ್ಣಿ ಯಾವಾಗ ಹೊಡದ್ರಿ?" (ಎಣ್ಣಿ ಅಂದರೆ ಇಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ.) ಆ ತಾರೀಖನ್ನೂ ಬರೆದಿಟ್ಟುಕೊಳ್ಳಿ.