ಉಪಗ್ರಹದ ದುಡ್ಡು ಯಾರ ಜೇಬಿನದು? ಯುರೋಪಿನಲ್ಲಿ ಪ್ರಸ್ತಾವ ಬರೆದ ನನ್ನ ಅನುಭವ

ನೆದರ್ಲೆಂಡ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳನ್ನು ಒಂದಕ್ಕೊಂದು ತಾಳೆ ಹಾಕಿ, ನೀರು ತಡೆಯುವ ಒಡ್ಡುಗಳು ವರ್ಷಕ್ಕೆ ಎಷ್ಟು ಮಿಲಿಮೀಟರ್ ಕುಸಿಯುತ್ತಿವೆ ಎಂದು ಲೆಕ್ಕ ಕೊಡುತ್ತೇವೆ. ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅವುಗಳಿಂದ ನಂಬಬಹುದಾದ ಸೇವೆ ಕಟ್ಟಲು ಮಾತ್ರ ದುಡ್ಡು ಬೇಕು. ಅದನ್ನು ಕೇಳಿ ಬರೆಯುವ ಜವಾಬ್ದಾರಿ ನನ್ನದು.

ಭಾರತದಲ್ಲಿ ಬಾಹ್ಯಾಕಾಶಕ್ಕೆ ಒಂದೇ ಇಲಾಖೆ, ಒಂದೇ ಬಜೆಟ್. ಇಲ್ಲಿ ಹಾಗಲ್ಲ. ಯುರೋಪಿಯನ್ ಸ್ಪೇಸ್ ಏಜೆನ್ಸಿ, ಅಂದರೆ ಈಸಾ, 23 ದೇಶಗಳದ್ದು. ಐರೋಪ್ಯ ಒಕ್ಕೂಟ 27 ದೇಶಗಳದ್ದು. ಎರಡೂ ಬೇರೆ ಬೇರೆ. ಸ್ವಿಟ್ಜರ್ಲೆಂಡ್, ನಾರ್ವೆ, ಬ್ರಿಟನ್ ಈಸಾದಲ್ಲಿವೆ, ಒಕ್ಕೂಟದಲ್ಲಿಲ್ಲ. ಸೆಂಟಿನೆಲ್‌ಗಳು ಒಕ್ಕೂಟದ ಭೂವೀಕ್ಷಣೆಯ ಕೋಪರ್ನಿಕಸ್ ಕಾರ್ಯಕ್ರಮಕ್ಕೆ ಸೇರಿದ್ದು, ಆದರೆ ಕಟ್ಟಿಸುವುದು ಈಸಾ! ಒಕ್ಕೂಟ 2021ರಿಂದ 2027ರವರೆಗೆ ಬಾಹ್ಯಾಕಾಶಕ್ಕೆ ಸುಮಾರು 1,488 ಕೋಟಿ ಯೂರೋ ಇಟ್ಟಿದೆ.

ಈಸಾದ ಹಣದ ದಾರಿ ಬೇರೆ. ವಿಜ್ಞಾನ ಕಾರ್ಯಕ್ರಮಕ್ಕೆ ಎಲ್ಲ ದೇಶಗಳೂ ತಮ್ಮ ಆದಾಯಕ್ಕೆ ತಕ್ಕಂತೆ ಕೊಡಲೇಬೇಕು. ಭೂಮಿಯ ವೀಕ್ಷಣೆ, ಸಂಪರ್ಕ, ರಾಕೆಟ್ ಇವೆಲ್ಲ ಇಷ್ಟವಿದ್ದವರಿಗೆ. ಸುಮಾರು ಮೂರು ವರ್ಷಕ್ಕೊಮ್ಮೆ ಮಂತ್ರಿಗಳು ಸೇರಿ, ಯಾವುದಕ್ಕೆ ಎಷ್ಟು ಎಂದು ಹೇಳುತ್ತಾರೆ. 2022ರಲ್ಲಿ ಪ್ಯಾರಿಸ್‌ನಲ್ಲಿ ಸುಮಾರು 1,690 ಕೋಟಿ ಯೂರೋ ಆಯಿತು, 2025ರ ನವೆಂಬರ್‌ನಲ್ಲಿ ಬ್ರೆಮೆನ್‌ನಲ್ಲಿ 2,210 ಕೋಟಿ. ಪತ್ರಿಕೆಗಳಿಗೆ ಈ ಒಟ್ಟು ಮೊತ್ತ ಸುದ್ದಿ. ನಾನು ಹುಡುಕುವುದು, ನೆದರ್ಲೆಂಡ್ಸ್ ಯಾವ ಕಾರ್ಯಕ್ರಮಕ್ಕೆ ಎಷ್ಟು ಬರೆಸಿತು ಅನ್ನುವುದನ್ನು.

ಯಾಕೆಂದರೆ ಈಸಾದಲ್ಲಿ ಮದುವೆ ಮನೆಯ ಮುಯ್ಯಿಯ ಲೆಕ್ಕ ನಡೆಯುತ್ತದೆ. ಒಂದು ದೇಶ ಎಷ್ಟು ಕೊಟ್ಟಿತೋ, ಹೆಚ್ಚುಕಮ್ಮಿ ಅಷ್ಟರ ಗುತ್ತಿಗೆ ಆ ದೇಶದ ಕಂಪನಿಗಳಿಗೆ ವಾಪಸ್ ಬರಬೇಕು. ಹಾಗಾಗಿ ಪ್ರಸ್ತಾವದ ಮೊದಲ ಪುಟ ಬರೆಯುವ ಮುಂಚೆಯೇ ನಾನು ನೆದರ್ಲೆಂಡ್ಸ್‌ನ ಬಾಹ್ಯಾಕಾಶ ಕಚೇರಿಗೆ ಫೋನ್ ಮಾಡುತ್ತೇನೆ. ವ್ಯಾಪಾರಿ ಸೇವೆಗಳ ಯೋಜನೆಗಳಲ್ಲಿ ಆಯಾ ದೇಶದ ಪ್ರತಿನಿಧಿಗಳ ಒಪ್ಪಿಗೆ ಪತ್ರ ಇಲ್ಲದೆ ಈಸಾ ಹಣ ಕೊಡುವುದಿಲ್ಲ. ಅವರಿಗೆ ಒಂದು ಪುಟದ ಟಿಪ್ಪಣಿ ಸಾಕು: ಗಿರಾಕಿ ಯಾರು, ಒಟ್ಟು ಖರ್ಚೆಷ್ಟು, ನಮ್ಮ ಕೈಯಿಂದ ಎಷ್ಟು ಹಾಕುತ್ತೇವೆ. ಒಡ್ಡು ನೋಡಿಕೊಳ್ಳುವ ನೀರು ಮಂಡಳಿಯವರು ಒಂದು ಸಾಲಿನ ಪತ್ರ ಕೊಟ್ಟಿದ್ದರೆ ಮಾತು ಬೇಗ ಮುಗಿಯುತ್ತದೆ. ಅಲ್ಗಾರಿದಮ್ ಬಗ್ಗೆ ಅಲ್ಲಿ ಯಾರೂ ಜಾಸ್ತಿ ಕೇಳುವುದಿಲ್ಲ.

ಬೇರೆ ದೇಶದ ಪಾಲುದಾರರಿದ್ದರೆ ಅವರ ದೇಶದ ಪತ್ರವೂ ಬೇಕು. ಒಂದು ಸಲ ಎಲ್ಲ ಸಿದ್ಧವಾದ ಮೇಲೆ ಗೊತ್ತಾಯಿತು, ಪಾಲುದಾರರ ದೇಶ ಆ ಕಾರ್ಯಕ್ರಮಕ್ಕೆ ಇಟ್ಟಿದ್ದ ಹಣ ಖಾಲಿ! ಅವರ ಪಾಲಿನ ಕೆಲಸವನ್ನು ಕಿತ್ತು, ಬೆಲೆಪಟ್ಟಿ ಪೂರ್ತಿ ಹೊಸದಾಗಿ ಮಾಡಬೇಕಾಯಿತು. ಅವರ ಎಂಜಿನಿಯರ್‌ಗಳು ನಮಗಿಂತ ಚೆನ್ನಾಗಿದ್ದರು.

ಬೆಲೆಪಟ್ಟಿಯಲ್ಲಿ ಗಂಟೆಯ ದರ, ಕಚೇರಿ ಖರ್ಚು, ಪ್ರಯಾಣ, ಎಲ್ಲವನ್ನೂ ಬಿಡಿಸಿ ತೋರಿಸಬೇಕು. ಬೆಲೆ ಸಾಮಾನ್ಯವಾಗಿ ಸ್ಥಿರ, ಹೆಚ್ಚಾದರೆ ನಮ್ಮ ತಲೆಯ ಮೇಲೆ. ಹಣ ಬರುವುದು ಒಂದೊಂದು ಹಂತ ಮುಗಿದಾಗ, ಸಂಬಳ ಕೊಡಬೇಕಾದ್ದು ಮಾತ್ರ ಪ್ರತಿ ತಿಂಗಳು. ಸಣ್ಣ ಕಂಪನಿಯವರು ಮುಂಗಡ ಕೇಳಲು ಸಂಕೋಚಪಡಬೇಡಿ.

ಈ ಮುಯ್ಯಿ ಪದ್ಧತಿಯಿಂದ ಕೆಲಸ ಚೂರುಚೂರಾಗುತ್ತದೆ, ಖರ್ಚು ಏರುತ್ತದೆ ಎಂದು ದೊಡ್ಡ ಕಂಪನಿಗಳು ಗೊಣಗುತ್ತವೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ತನ್ನ ಊರಿಗೆ ಕೆಲಸ ಬರುವುದಿಲ್ಲ ಅಂದರೆ ಸಣ್ಣ ದೇಶದ ಮಂತ್ರಿ ಯಾಕೆ ಸಹಿ ಹಾಕಬೇಕು? ಈಸಾ ಮಂಡಳಿಯಲ್ಲಿ ಜರ್ಮನಿಗೂ ಒಂದೇ ಮತ, ಲಕ್ಸೆಂಬರ್ಗ್‌ಗೂ ಒಂದೇ. ಖಾಸಗಿಯವರಿಗೇ ಬಿಡೋಣ ಎಂಬ ಪ್ರಯೋಗವೂ ಆಗಿದೆ. ಜಿಪಿಎಸ್‌ನಂತೆ ದಾರಿ ತೋರುವ ಯುರೋಪಿನ ಗೆಲಿಲಿಯೊ ಉಪಗ್ರಹಗಳ ಯೋಜನೆಗೆ ಖಾಸಗಿ ಕೂಟ ಹಣ ಹೂಡುವ ಮಾತು 2007ರಲ್ಲಿ ಮುರಿದುಬಿತ್ತು. ಆಮೇಲೆ ಒಕ್ಕೂಟವೇ ಪೂರ್ತಿ ಹೊತ್ತಿತು. ಕೃಷಿ ಬಜೆಟ್‌ನಲ್ಲಿ ಉಳಿದಿದ್ದ ದುಡ್ಡನ್ನೂ ತಿರುಗಿಸಿತು.

ಪ್ರಸ್ತಾವದಲ್ಲಿ ನಾನು ಹೆಚ್ಚು ಹೊತ್ತು ಕೂರುವುದು ಅಪಾಯಗಳ ಪಟ್ಟಿಯ ಮುಂದೆ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ರ ಜೋಡಿಯಲ್ಲಿ ಒಂದಾದ 1ಬಿ ಕೆಟ್ಟುಹೋಯಿತು. ಆರು ದಿನಕ್ಕೊಮ್ಮೆ ಬರುತ್ತಿದ್ದ ಚಿತ್ರ ಹನ್ನೆರಡು ದಿನಕ್ಕೊಮ್ಮೆ ಬರತೊಡಗಿತು. ಮರುವರ್ಷ ವೇಗಾ-ಸಿ ರಾಕೆಟ್ಟೂ ವಿಫಲವಾಯಿತು. ಬದಲಿ ಉಪಗ್ರಹ 1ಸಿ ಮೇಲೇರಿದ್ದು 2024ರ ಡಿಸೆಂಬರ್‌ನಲ್ಲಿ, ಅದೇ ವೇಗಾ-ಸಿಯಲ್ಲಿ. ಹಾಗಾಗಿ ಈಗ ಹನ್ನೆರಡು ದಿನದ ಚಿತ್ರದಲ್ಲೇ ನಡೆಯುವ ಸೇವೆಗೆ ಮಾತ್ರ ಬೆಲೆ ಹಾಕುತ್ತೇನೆ. ಆರು ದಿನದ್ದು ಬಂದರೆ ಗಿರಾಕಿಗೆ ಲಾಭ.